ಚಿನ್ನದಕ್ಷರದ ರಟ್ಟಿನ ಡಬ್ಬ

ಕೈರವಾನ್ ಪಟ್ಟಣದಲ್ಲಿ ಮಕ್ರೂದ್ ಮಾರುವವರಿಗೆ ಬರವಿಲ್ಲ. ರವೆಯ ಕಣಕದೊಳಗೆ ಖರ್ಜೂರ ತುಂಬಿ, ಎಣ್ಣೆಯಲ್ಲಿ ಕರಿದು, ಜೇನುಪಾಕದಲ್ಲಿ ಅದ್ದಿದ ಆ ತುಂಡುಗಳನ್ನು ಓಣಿಗೊಬ್ಬರಾದರೂ ಮಾರುತ್ತಾರೆ. ಆದರೆ ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಬರೀ ವಾಸನೆಯಲ್ಲೇ ಹೇಳುತ್ತಿದ್ದವನು ಅಬ್ದುಲ್ ಗಫ್ಫಾರ್ ಒಬ್ಬನೇ. ಅವನು ತೀರಿಕೊಂಡ ಮೇಲೆ ಅಂಗಡಿ ಮಗ ಜಲ್ಲೂಲನ ಕೈಗೆ ಬಂತು. ಜಲ್ಲೂಲನ ಕೈರುಚಿಯೂ ತೆಗೆದುಹಾಕುವಂಥದ್ದಲ್ಲ. ಅವನ ಕೊರಗೇ ಬೇರೆ. ಅಪ್ಪ ಬದುಕಿಡೀ ಮಕ್ರೂದನ್ನು ಬಿಳಿ ರಟ್ಟಿನ ಡಬ್ಬಕ್ಕೆ ತುಂಬಿ, ದಾರ ಸುತ್ತಿ ಕೊಟ್ಟುಬಿಟ್ಟ. ಮೇಲೊಂದು ಹೆಸರಿಲ್ಲ, ಗುರುತಿಲ್ಲ. ತಿಂದವರು ಬೆರಳು ಚೀಪಿಕೊಂಡು ಹೋದರು, ಯಾರ ಅಂಗಡಿಯದೆಂದು ಮರೆತರು. ಎದುರಂಗಡಿಯ ಹಮೀದಾನ ಡಬ್ಬದ ಮೇಲಾದರೋ ಅವನ ಮೀಸೆ ಸಮೇತ ಅವನ ಚಿತ್ರವಿತ್ತು. ಆ ಮೀಸೆ ಜಲ್ಲೂಲನ ಹೊಟ್ಟೆಯಲ್ಲಿ ಕಿಚ್ಚು ಹಚ್ಚಿತ್ತು.

ಪೈಗಂಬರರ ಹುಟ್ಟುಹಬ್ಬಕ್ಕೆ ದೇಶದ ಮೂಲೆಮೂಲೆಯಿಂದ ಜನ ಕೈರವಾನಿಗೆ ಬರುತ್ತಾರೆ. ಅಷ್ಟರೊಳಗೆ ಹೊಸ ಡಬ್ಬ ಆಗಲೇಬೇಕೆಂದು ಜಲ್ಲೂಲ್ ಹಟ ಹಿಡಿದ. ಸೂಸ್ ಪಟ್ಟಣದಿಂದ ಬಂದ ಅಚ್ಚಿನವನು ತಗಡಿನದೊಂದು, ಒಳಗೆ ಮೇಣದ ಕಾಗದ ಅಂಟಿಸಿದ ದಪ್ಪ ರಟ್ಟಿನದೊಂದು, ಕನ್ನಡಿಯಂತೆ ಹೊಳೆಯುವ ತೆಳು ರಟ್ಟಿನದೊಂದು ತಂದು ಮುಂದಿಟ್ಟ.

ಜಲ್ಲೂಲನ ತಾಯಿ ಮಬ್ರೂಕಾ ತಗಡಿನ ಡಬ್ಬವನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಇದನ್ನೇ ಮಾಡ್ಸೋ. ತಿಂದಾದ್ಮೇಲೂ ಜನ ಸೂಜಿ ದಾರ ಇಟ್ಕೊಳ್ಳಕ್ಕೆ ಎತ್ತಿಡ್ತಾರೆ. ಬಿಸಾಕಲ್ಲ."

"ತಗಡು ತುಂಬಾ ದುಬಾರಿ ಆಗುತ್ತಮ್ಮ."

"ಹಂಗಾದ್ರೆ ಮೊದ್ಲಿನ ಬಿಳೀದೇ ಇರ್ಲಿ ಬಿಡು. ನಿಮ್ಮಪ್ಪ ಯಾವತ್ತೂ ಹೆಸ್ರು ಹಾಕಿಸ್ಲಿಲ್ಲ..."

"ಅಪ್ಪಂಗೆ ವ್ಯಾಪಾರದ ಪಟ್ಟು ಎಲ್ಲಿ ಗೊತ್ತಿತ್ತು? ಸುಮ್ನಿರಮ್ಮ, ನಿಂಗರ್ಥ ಆಗಲ್ಲ."

ಮಬ್ರೂಕಾ ಏನೋ ಹೇಳಲು ಹೋದವಳು ಅಚ್ಚಿನವನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಹೊರಗಿನವರ ಮುಂದೆ ಮಗನ ಮಾತನ್ನು ಕಡಿಯುವ ಹೆಂಗಸಲ್ಲ ಅವಳು.

ಜಲ್ಲೂಲ್ ತೆಳು ರಟ್ಟನ್ನೇ ಆರಿಸಿದ. ರಟ್ಟಿನಲ್ಲಿ ಉಳಿಸಿದ್ದನ್ನೆಲ್ಲ ಚಿನ್ನದ ಬಣ್ಣಕ್ಕೆ ಸುರಿದ. ಮುಚ್ಚಳದ ಮೇಲೆ, ನಾಲ್ಕು ಪಕ್ಕಕ್ಕೆ, ಬಳ್ಳಿಯಂತೆ ಬಳುಕುವ ಅಕ್ಷರಗಳಲ್ಲಿ ಅಬ್ದುಲ್ ಗಫ್ಫಾರ್, ಅಬ್ದುಲ್ ಗಫ್ಫಾರ್. ಹೆಂಡತಿ ಝಕಿಯಾ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, "ತಳ ಒಂದ್ಯಾಕೆ ಬಿಟ್ರಿ, ಪಾಪ?" ಎಂದಳು. ಜಲ್ಲೂಲ್ ಅದನ್ನು ಹೊಗಳಿಕೆಯೆಂದೇ ತಿಳಿದ. ಹೊಗಳಿಕೆಯ ಹಸಿವು ಹತ್ತಿದವನಿಗೆ ಚುಚ್ಚುಮಾತೂ ಹಾಗೆಯೇ ಕೇಳಿಸುತ್ತದೇನೋ.

ಹಬ್ಬದ ಬೆಳಿಗ್ಗೆ ಅಂಗಡಿಯ ಮುಂದೆ ಜನವೋ ಜನ. ಡಬ್ಬಗಳು ಬಾಣಲೆಯ ಬಿಸಿ ಆರುವ ಮೊದಲೇ ಖಾಲಿಯಾಗುತ್ತಿದ್ದವು. ಜಲ್ಲೂಲ್ ಹಮೀದಾನ ಕಡೆ ನೋಡದಿದ್ದರೂ, ಅವನು ತನ್ನ ಕಡೆ ನೋಡುತ್ತಿದ್ದಾನೆಂದು ಬಲ್ಲ.

ಆದರೆ ಎಣ್ಣೆಯೂ ಪಾಕವೂ ತೆಳು ರಟ್ಟಿನ ಮಾತು ಕೇಳುತ್ತವೆಯೇ? ಕೊಂಡವರು ಓಣಿಯ ತಿರುವು ದಾಟುವುದರೊಳಗೆ ತಳ ನೆನೆದು ಬಾಯಿ ಬಿಡುತ್ತಿತ್ತು. ಜನ ಗಡಿಬಿಡಿಯಲ್ಲಿ ಇದ್ದದ್ದನ್ನು ತಿಂದು, ಕೈಗಂಟಿದ ಡಬ್ಬವನ್ನು ಕೊಡವಿ ಎಸೆದು, ಗೋಡೆಗೆ ಬೆರಳು ಒರೆಸಿ ಮುಂದೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮಸಾಲೆ ಅಂಗಡಿಯ ತೀಜಾನಿ ಎರಡು ಕೈಯಲ್ಲೂ ಜಿಡ್ಡು ಮುಚ್ಚಳಗಳನ್ನು ಹಿಡಿದು ಬಂದ.

"ಜಲ್ಲೂಲ್, ಇವನ್ನೆಲ್ಲಿ ಇಡ್ಲಪ್ಪಾ? ತಿಪ್ಪೆಗೆ ಹಾಕಕ್ಕೆ ಕೈ ಬರ್ತಿಲ್ಲ."

"ಖಾಲಿ ಡಬ್ಬ ತಾನೆ, ಏನಾಯ್ತೀಗ?"

"ಏನಾಯ್ತಾ? ಓದಯ್ಯ!"

ಜಲ್ಲೂಲ್ ಓದಿದ. ಗಫ್ಫಾರ್ ಎಂದರೆ ಕ್ಷಮಿಸುವವನು, ದೇವರ ಹೆಸರು. ಅಬ್ದುಲ್ ಗಫ್ಫಾರ್ ಅವನ ದಾಸ. ಆ ಹೆಸರಿರುವ ಕಾಗದದ ಚೂರು ದಾರಿಯಲ್ಲಿ ಸಿಕ್ಕರೂ ಎತ್ತಿ ಮುತ್ತಿಟ್ಟು ಗೋಡೆಯ ಸಂದಿಗೆ ಸಿಕ್ಕಿಸುವ ಜನ ಇವರು. ಜಲ್ಲೂಲನೇ ಎಷ್ಟೋ ಸಲ ಸಿಕ್ಕಿಸಿದ್ದಾನೆ. ಆದರೆ ಅಪ್ಪನ ಹೆಸರು ಹುಟ್ಟಿದಂದಿನಿಂದ ಕೇಳಿ ಕೇಳಿ ಬರೀ ಅಪ್ಪನದಾಗಿಬಿಟ್ಟಿತ್ತು. ಅಪ್ಪ ಯಾಕೆ ಬರೀ ಬಿಳಿ ಡಬ್ಬದಲ್ಲಿ ಕೊಟ್ಟ ಎನ್ನುವುದು ಆಗ ಹೊಳೆಯಿತು. ವ್ಯಾಪಾರ ಗೊತ್ತಿರಲಿಲ್ಲವಂತೆ! ಆಡಿದ ಮಾತು ನೆನೆದು ಜಲ್ಲೂಲನ ಕಿವಿ ಬಿಸಿಯಾಯಿತು. ಅಪ್ಪನನ್ನೂ ಅಪ್ಪನ ದೇವರನ್ನೂ ತಾನೇ ಕೈಯಾರೆ ಜನರ ಕಾಲಡಿಗೆ ಹಾಕಿದ್ದ.

ಆಗಲೇ ಮಾರಾಟ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎದುರಿಗೆ ಜನ ಕೈ ಚಾಚಿ ನಿಂತಿದ್ದರು, ಎದುರಂಗಡಿಯಲ್ಲಿ ಹಮೀದಾ ನಿಂತಿದ್ದ. ಈ ಗುಂಪು ಕರಗಲಿ ಎಂದುಕೊಂಡು ಇನ್ನೊಂದು ಡಬ್ಬ ತುಂಬಿದ.

ರಾಜಧಾನಿ ಟ್ಯೂನಿಸ್‌ನಿಂದ ಬಂದ, ಕಪ್ಪು ಕನ್ನಡಕದ ಹೆಂಗಸೊಬ್ಬಳು ಡಬ್ಬ ತೆಗೆದುಕೊಳ್ಳುತ್ತ ಓಣಿಯ ಕಡೆ ಕೈ ತೋರಿಸಿದಳು.

"ಅಯ್ಯೋ ಪಾಪ, ಯಾರಣ್ಣ ಅದು? ಈ ವಯಸ್ಸಲ್ಲಿ ಕಸ ಆಯ್ತಿದಾರಲ್ಲ!"

ಬಿಳಿ ಹೊದಿಕೆ ಹೊದ್ದ ಮುದುಕಿಯೊಬ್ಬಳು ಚರಂಡಿಯ ಅಂಚಿನಲ್ಲಿ ಬಾಗಿ, ಜನರ ಕಾಲುಗಳ ನಡುವೆ ಕೈ ಹಾಕಿ, ತುಳಿದು ಹಣ್ಣಾದ ಡಬ್ಬಗಳನ್ನು ಎತ್ತಿ ಚೀಲಕ್ಕೆ ಹಾಕುತ್ತಿದ್ದಳು. ಯಾರೋ ಮೊಣಕೈಯಿಂದ ತಳ್ಳಿದರು. ಅವಳು ಗೋಡೆ ಹಿಡಿದು ಸಾವರಿಸಿಕೊಂಡು ಮತ್ತೆ ಬಾಗಿದಳು. ಜಲ್ಲೂಲನಿಗೆ ಗುರುತು ಹತ್ತದೆ ಇರುತ್ತದೆಯೇ? ಅವನಮ್ಮ.

ಹಮೀದಾನ ಕಣ್ಣೂ ಇತ್ತಲೇ ಇತ್ತು.

"ಗೊತ್ತಿಲ್ಲಮ್ಮ," ಎಂದ ಜಲ್ಲೂಲ್. "ಹಬ್ಬ ಅಂದ್ರೆ ಎಲ್ಲೆಲ್ಲಿಂದ್ಲೋ ಬರ್ತಾರೆ."

ಮಾತು ಬಾಯಿಂದ ಬಿದ್ದ ಮೇಲೆ ಅದು ತನ್ನದೇ ದನಿಯೆಂದು ನಂಬಲು ಅವನಿಗೆ ಆಗಲಿಲ್ಲ. ತಿದ್ದಿಕೊಳ್ಳೋಣವೆಂದರೆ ಆ ಹೆಂಗಸು ಇನ್ನೊಂದು ಡಬ್ಬಕ್ಕೂ ಹಣವಿಟ್ಟು, ಎತ್ತಿಕೊಂಡು, ಆಗಲೇ ಮುದುಕಿಯ ಹತ್ತಿರ ಹೋಗಿದ್ದಳು.

"ಅಜ್ಜೀ, ತಗೊಳಿ, ಬಿಸಿ ಇದೆ ತಿನ್ನಿ. ನಿಮ್ಗ್ಯಾರೂ ಇಲ್ವಾ? ಆ ಅಂಗಡಿಯವ್ರನ್ನ ಕೇಳ್ದೆ. ಯಾರೋ ಗೊತ್ತಿಲ್ಲ ಅಂದ್ರು."

ಮಬ್ರೂಕಾ ಸೊಂಟಕ್ಕೆ ಕೈ ಕೊಟ್ಟು ನಿಧಾನ ನೆಟ್ಟಗಾದಳು. ಅಂಗಡಿಯ ಕಡೆ ನೋಡಿದಳು. ಜಲ್ಲೂಲ್ ಇಕ್ಕಳ ಹಿಡಿದು ನಿಂತಿದ್ದ.

"ಹೌದಮ್ಮ, ಹೌದು," ಎಂದಳು ಅವಳು. "ಇಷ್ಟು ಜನದಲ್ಲಿ ಅವ್ನಿಗೆ ಯಾರ್ ತಾನೆ ಗೊತ್ತಾಗ್ತಾರೆ? ಒಳ್ಳೇ ಹುಡ್ಗ. ಮಕ್ರೂದೂ ಚೆನ್ನಾಗ್ ಮಾಡ್ತಾನೆ. ಮನೆಯವ್ರಿಗೂ ಒಂದಿಷ್ಟು ತಗೊಂಡ್ಹೋಗಿ."

ಡಬ್ಬದಲ್ಲಿದ್ದ ಮಕ್ರೂದನ್ನು ಹೊದಿಕೆಯ ಸೆರಗಿಗೆ ಸುರಿದುಕೊಂಡಳು. ಮುಚ್ಚಳವನ್ನು ಒರೆಸಿ, ಕಣ್ಣಿಗೊತ್ತಿಕೊಂಡು, ಚೀಲದೊಳಗೆ ಮೆಲ್ಲಗೆ ಇಟ್ಟಳು.

ಜಲ್ಲೂಲ್ ಇಕ್ಕಳ ಎಸೆದ. ಕೊಳ್ಳಲು ನಿಂತವರನ್ನು ನಿಂತಲ್ಲೇ ಬಿಟ್ಟು ಹೊರಗೆ ಓಡಿದ. ತಾಯಿಯ ಕಾಲ ಬಳಿ ಕೂತು ಕೈಗೆ ಸಿಕ್ಕ ಡಬ್ಬಗಳನ್ನೆಲ್ಲ ಬಾಚತೊಡಗಿದ. "ಅಮ್ಮಾ" ಎಂದು ಓಣಿಗೆಲ್ಲ ಕೇಳುವಂತೆ ಕರೆಯಬೇಕೆಂದುಕೊಂಡರೂ ಕರೆಯಲಾಗದೆ ಇನ್ನೊಂದು ಡಬ್ಬಕ್ಕೆ ಕೈ ಚಾಚಿದ.

ಮಬ್ರೂಕಾ ಅವನ ಹೆಗಲು ಹಿಡಿದು ಎಬ್ಬಿಸಲು ನೋಡಿದಳು.

"ಏಳೋ, ಅಂಗಡಿಗೆ ಹೋಗು," ಎಂದಳು ಪಿಸುದನಿಯಲ್ಲಿ. "ಆಯಮ್ಮ ಇನ್ನೂ ಇಲ್ಲೇ ನಿಂತಿದಾಳೆ. ಗೊತ್ತಾಗ್ಬಿಡುತ್ತೆ."