ತಗಡಿನ ಚರ್ಚಿನವಳು

"ದಾರಿ ಬಿಡು" ಎಂದು ಭಾವ ಮತ್ತೆ ಹೇಳಿದಾಗಲೂ ಬಡಗಿ ಸ್ಮಶಾನದ ಬೀಗ ಜಡಿದ ಮರದ ಗೇಟಿಗೆ ಬೆನ್ನು ಕೊಟ್ಟು ನಿಂತೇ ಇದ್ದ. ಕೈಯಲ್ಲಿ ಕೊಡಲಿಯ ಕಾವು. ಭಾವನ ಹಿಂದೆ ನಾಲ್ವರು ಹೊತ್ತಿದ್ದ ಪೆಟ್ಟಿಗೆಯಲ್ಲಿ ಬಡಗಿಯ ಅಕ್ಕನ ಹೆಣವಿತ್ತು.

ಕುಷ್ಠರೋಗಿಗಳ ಆ ವಸತಿಯಲ್ಲಿ ಮೊದಲಿದ್ದದ್ದು ಒಂದೇ ಚರ್ಚು, ಹುಲ್ಲಿನ ಮಾಡಿನದು. ಒಂದು ಭಾನುವಾರ ಹೊಳೆಯಾಚೆಯ ಊರಿನವರು ಬಂದು, ಒಳಗೆ ಜನ ಹಾಡುತ್ತಿರುವಾಗಲೇ ಹೊರಗಿನಿಂದ ಅಗಳಿ ಹಾಕಿ ಬೆಂಕಿ ಇಟ್ಟರು. ಬದುಕಿ ಉಳಿದವರು ಬೆರಳಿಲ್ಲದ ಕೈಗಳಲ್ಲಿ ಕಲ್ಲು ಹೊತ್ತು ಅದೇ ಬೂದಿಯ ಮೇಲೆ ಇನ್ನೊಂದು ಕಟ್ಟಿದರು. ಹೀಗಿರುವಾಗ ಹೊಸ ಬೋಧಕನೊಬ್ಬ ಬಂದ. ಅರ್ಧ ಜನ ಅವನ ಹಿಂದೆ ಹೋಗಿ ದಿನ್ನೆಯ ಕೆಳಗೆ ತಗಡಿನ ಚರ್ಚು ಎಬ್ಬಿಸಿದಾಗ ಕಲ್ಲಿನ ಚರ್ಚಿನವರ ಮೈ ಉರಿದುಹೋಯಿತು. ಮೊದಲು ಮಾತು ನಿಂತಿತು. ಆಮೇಲೆ ಬಾವಿಕಟ್ಟೆಯಲ್ಲಿ ತಲೆಗಳು ಒಡೆದವು. ಬಿಟ್ಟುಹೋದವರಿಗೆ ಸ್ಮಶಾನದಲ್ಲಿ ಗೇಣು ಜಾಗವೂ ಇಲ್ಲವೆಂದು ಕಲ್ಲಿನ ಚರ್ಚಿನ ಹಿರಿಯ ಸಾರಿದ. ಹಾಗೆ ಸಾರಿದ ಮೇಲೆ ಸತ್ತವರಲ್ಲಿ ಅಕ್ಕನೇ ಮೊದಲಿನವಳು.

ಅಕ್ಕನಿಗೆ ರೋಗವಿರಲಿಲ್ಲ. ರೋಗ ಬಂದ ತಮ್ಮನನ್ನು ಮನೆಯವರು ಈ ವಸತಿಯ ದೋಣಿ ಹತ್ತಿಸಿದ ದಿನ, ಇವನ ತಲೆ ಬಾಚುವವರು ಯಾರು ಎಂದು ತಾನೂ ಹತ್ತಿದವಳು ಮತ್ತೆ ಊರ ಮುಖ ನೋಡಲಿಲ್ಲ. ವಸತಿಯ ಅಡುಗೆಯವನನ್ನು ಮದುವೆಯಾದಳು. ಗಂಡ ತಗಡಿನ ಚರ್ಚಿಗೆ ಹೋದ, ಇವಳೂ ಹೋದಳು. ಅಂದಿನಿಂದ, ಕಲ್ಲಿನ ಚರ್ಚಿನಲ್ಲೇ ಉಳಿದ ಬಡಗಿ ಅವಳ ಹೊಸ್ತಿಲು ತುಳಿದಿರಲಿಲ್ಲ. ಜ್ವರ ಏರಿದೆ ಬಾ ಎಂದು ಹೇಳಿಕಳಿಸಿದಾಗಲೂ.

"ನಿನಗೋಸ್ಕರ ಬಂದವಳು ಕಣೋ ಇವಳು," ಭಾವ ಅಂದ. "ಹಿರಿಯ ಹೇಳಿದ್ದು ಬಿಡು, ನೀನು ಹೇಳು. ಇವಳನ್ನ ಎಲ್ಲಿಡ್ಲಿ?"

ಬಡಗಿ ಸಿಟ್ಟಿನಿಂದ ಕಾವು ಬೀಸಿದ. ಏಟು ದವಡೆಗೆ ಬಿತ್ತು. ಭಾವ ರಕ್ತದ ಜೊತೆ ಹಲ್ಲು ಉಗುಳುತ್ತ ಕುಸಿದ. ಅದನ್ನೇ ಕಾದಿದ್ದವರಂತೆ ಸ್ಮಶಾನದ ಗೋಡೆಯ ಹಿಂದೆ ಅಡಗಿದ್ದ ಕಲ್ಲಿನ ಚರ್ಚಿನವರು ಕಲ್ಲು ತೂರತೊಡಗಿದರು. ಹೊತ್ತಿದ್ದವರಲ್ಲೊಬ್ಬನ ಹಣೆ ಸೀಳಿತು. ಪೆಟ್ಟಿಗೆ ವಾಲಿ ನೆಲಕ್ಕಪ್ಪಳಿಸಿ ಮುಚ್ಚಳ ಕಿತ್ತುಬಂತು. ಅಕ್ಕನ ಒಂದು ಕೈ ಹೊರಗೆ ಮಣ್ಣಿಗೆ ಜಾರಿತು. ಅದರ ಐದು ಬೆರಳೂ ನೆಟ್ಟಗಿದ್ದವು.

ಗೋಡೆ ಬಳಸಿ ಬಂದ ಹಿರಿಯ, ಬಿದ್ದಿದ್ದ ಭಾವನ ತಲೆಯ ಮೇಲೆ ದೊಡ್ಡ ಕಲ್ಲೊಂದನ್ನು ಎತ್ತಿ ಹಿಡಿದ. ಬಡಗಿ ಅವನ ಮಣಿಕಟ್ಟಿಗೆ ಬಾರಿಸಿದ. ಮೂಳೆ ಲಟಕ್ಕೆಂದಿತು, ಕಾವೂ ಎರಡಾಯಿತು. ನೀನೂ ಅವರ ಕಡೆಯಾದೆಯಾ ಎಂದು ಹಿರಿಯ ನರಳಿದ.

"ಅವಳು ನಮ್ಮಕ್ಕ," ಅಂದ ಬಡಗಿ.

ಅವನವರೇ ಅವನ ಮೇಲೆ ಬಿದ್ದರು. ಬೆನ್ನಿಗೆ, ಪಕ್ಕೆಗೆ ಗುದ್ದು ಬೀಳುತ್ತಿದ್ದರೂ ಅವನು ಗೇಟಿಗೆ ತಿರುಗಿ, ತಾನೇ ಕೂರಿಸಿದ್ದ ಹಲಗೆಗಳನ್ನು ಬರಿಗೈಯಲ್ಲಿ ಒಂದೊಂದಾಗಿ ಕಿತ್ತ. ಮಾಂಸ ಹರಿದರೂ ಬಿಡದ ಆ ಕೈಗಳನ್ನು ನೋಡಿ ಹೊಡೆಯುವವರೇ ಹಿಂದೆ ಸರಿದರು.

ಮಧ್ಯಾಹ್ನದ ಹೊತ್ತಿಗೆ ಅಕ್ಕನನ್ನು ಮಣ್ಣು ಮಾಡಿಯಾಗಿತ್ತು. ತಗಡಿನ ಚರ್ಚಿನ ಬೋಧಕ ಮೊದಲ ಕಲ್ಲು ಬಿದ್ದಾಗಲೇ ಕಾಲ್ತೆಗೆದಿದ್ದ. ಯಾರೂ ಪ್ರಾರ್ಥನೆ ಹೇಳಲಿಲ್ಲ.

ಜನ ಕರಗಿದ ಮೇಲೆ ಇಬ್ಬರೇ ಹಸಿ ಮಣ್ಣಿನ ಪಕ್ಕ ಕೂತರು. ದವಡೆಗೆ ಟವೆಲು ಬಿಗಿದಿದ್ದ ಭಾವನಿಗೆ ಮಾತಾಡಲು ಆಗುತ್ತಿರಲಿಲ್ಲ. ಬಡಗಿಯ ಅಂಗೈ ತುಂಬ ಸಿಬಿರು ನೆಟ್ಟಿದ್ದವು. ರೋಗಕ್ಕೆ ಮರಗಟ್ಟಿದ ಆ ಕೈಗಳಿಗೆ ಅದರ ಅರಿವೇ ಇರಲಿಲ್ಲ. ಭಾವ ಆ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಬಿಸಿಲಿಗೆ ತಿರುಗಿಸಿ, ಉಗುರಿನಿಂದ ಒಂದೊಂದೇ ಸಿಬಿರು ಕೀಳತೊಡಗಿದ.