ಬಾಗಿಲ ಕಂಬ ಹಿಡಿದ ಸೂಜಿಗಲ್ಲು

ನಾನು ಒಂದು ಸೂಜಿಗಲ್ಲು. ಶಾಲೆಯ ಪುಸ್ತಕದಲ್ಲಿ ನನ್ನ ಹೆಸರು ಅಯಸ್ಕಾಂತ, ಲಾರಿ ಮೈದಾನದ ಜನರ ಬಾಯಲ್ಲಿ ಬರೀ ‘ಕಲ್ಲು’. ನೋಡಲು ಕರಿ ವಡೆಯ ಹಾಗಿದ್ದೇನೆ, ನಡುವೆ ಒಂದು ತೂತು. ಯಾವುದೋ ಕಾರ್ಖಾನೆಯಲ್ಲಿ ಕಪ್ಪು ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ನನ್ನನ್ನು ಮಾಡಿದರು. ಆರಿದ ಮೇಲೆ ಎರಡು ದಿನ ಹಾಯಾಗಿ ಬಿದ್ದುಕೊಂಡಿದ್ದೆ. ಆಗ ನನಗೆ ಯಾವ ಆಸೆಯೂ ಇರಲಿಲ್ಲ. ಮೂರನೆಯ ದಿನ ತಂತಿಯ ಸುರುಳಿಯೊಳಗೆ ಇಟ್ಟು ಒಂದು ಕ್ಷಣ ಕರೆಂಟು ಬಿಟ್ಟರು ನೋಡಿ, ಅಂದೇ ನನ್ನ ನೆಮ್ಮದಿ ಹಾಳಾಯಿತು. ಎಲ್ಲಿ ಕಬ್ಬಿಣ ಇದೆಯೋ ಅಲ್ಲಿಗೆ ಹೋಗಬೇಕು, ಅಂಟಬೇಕು. ಅಂಟಿದ ಮೇಲಾದರೂ ಸುಮ್ಮನಿರುತ್ತೇನೆಯೇ? ಪಕ್ಕದಲ್ಲಿ ಇನ್ನೊಂದು ಮೊಳೆ ಕಂಡರೆ ಜೀವ ಅತ್ತ ಎಳೆಯುತ್ತದೆ.

ಮೊದಲ ಕೆಲಸ ಒಂದು ಸ್ಪೀಕರಿನ ಬೆನ್ನಿನಲ್ಲಿ. ಆ ಸ್ಪೀಕರ್ ಒಂದು ಲಾರಿಯ ಕ್ಯಾಬಿನ್ನಿನಲ್ಲಿತ್ತು. ಆರು ವರ್ಷ ಹಾಡು ಕೇಳಿ ಕೇಳಿ ಸಾಕಾಯಿತು. ಕೊನೆಗೆ ಸ್ಪೀಕರಿನ ಕಾಗದ ಹರಿದು, ಹೊಸಪೇಟೆಯ ಟಿಂಕರ್ ಇಮಾಮಸಾಬರ ಗ್ಯಾರೇಜಿಗೆ ಗುಜರಿಯಾಗಿ ಬಂದೆ. ಅವರು ಸ್ಪೀಕರ್ ಒಡೆದು ನನ್ನನ್ನು ತೆಗೆದು, ಸ್ಕ್ರೂ ಚೆಲ್ಲದಿರಲೆಂದು ತಗಡಿನ ಡಬ್ಬಿಗೆ ಅಂಟಿಸಿದರು.

ಲಾರಿಗಳ ಒಳಗುಟ್ಟು ನಾನು ಕಲಿತದ್ದು ಅಲ್ಲಿಯೇ. ಗುದ್ದಿಸಿಕೊಂಡ ಲಾರಿ ಬರುತ್ತಿತ್ತು. ಇಮಾಮಸಾಬರು ನೆಗ್ಗಿದ ತಗಡನ್ನು ಬಡಿದು ಬಡಿದು ಆದಷ್ಟು ಸಮ ಮಾಡುತ್ತಿದ್ದರು. ಉಳಿದ ತಗ್ಗಿಗೆ ಪುಟ್ಟಿ ಮೆತ್ತಿ, ತಿಕ್ಕಿ, ಬಣ್ಣ ಹೊಡೆದರೆ ಮುಗಿಯಿತು, ಮದುವಣಗಿತ್ತಿ ಸಿದ್ಧ! ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಪುಟ್ಟಿ ನನಗೆ ಮಣ್ಣಿಗೆ ಸಮ. ಅದು ದಪ್ಪವಾಗಿರುವ ಕಡೆ ನನ್ನನ್ನು ಇಟ್ಟರೆ ಹಿಡಿತವೇ ಸಿಗದೆ ದೊಪ್ಪನೆ ಬೀಳುತ್ತೇನೆ. ಇಮಾಮಸಾಬರು ತಮ್ಮ ಕೆಲಸವನ್ನು ಹೀಗೆ ನನ್ನಿಂದಲೇ ಪರೀಕ್ಷಿಸಿ, ನಾನು ಬಿದ್ದರೆ ಮತ್ತೆ ಪುಟ್ಟಿ ಕೆರೆದು ತಗಡು ಬಡಿಯುತ್ತಿದ್ದರು. ಅಂಥ ಮನುಷ್ಯ.

ಅವರ ಗೆಳೆಯ ಗಾದಿಲಿಂಗಪ್ಪ. ಮೂವತ್ತು ವರ್ಷ ಲಾರಿ ಓಡಿಸಿ ಬಿಟ್ಟವನು. ಬೈಪಾಸಿನ ಪಕ್ಕದ ಮೈದಾನದಲ್ಲಿ ಹಳೆ ಲಾರಿ ಕೊಳ್ಳಲು ಬಂದವರಿಗೆ ಗಾಡಿ ನೋಡಿ ಹೇಳುವುದು ಅವನ ಹವ್ಯಾಸ. ಇಮಾಮಸಾಬರು ಒಂದು ದಿನ ನನ್ನನ್ನು ಅವನ ಅಂಗೈಗೆ ಹಾಕಿದರು.

“ತಗೋ. ಇದು ಸುಳ್ಳು ಹೇಳಂಗಿಲ್ಲ. ಆದ್ರ ಇದೊಂದನ್ನ ನಂಬ್ಕೊಂಡು ಕುಂದರಬ್ಯಾಡ, ಕಿವಿನೂ ಕೊಡು, ಕೈನೂ ಹಚ್ಚು.”

ಬಣ್ಣಕ್ಕೆ ಗೀರು ಬೀಳಬಾರದೆಂದು ಗಾದಿಲಿಂಗಪ್ಪ ನನಗೆ ಹಳೆ ಧೋತರದ ಚೂರು ಸುತ್ತಿದ. ಮೊದಮೊದಲು ಎಷ್ಟು ಚೆನ್ನಾಗಿ ನೋಡುತ್ತಿದ್ದ ಅಂತೀರಿ! ಬಾಗಿಲು ತೆಗೆದು ರಬ್ಬರಿನ ಅಂಚಿಗೆ ಹೊಸ ಬಣ್ಣ ಸಿಡಿದಿದೆಯೇ ನೋಡುವನು. ಬೋಲ್ಟಿನ ತಲೆ ಸ್ಪ್ಯಾನರ್ ಕಚ್ಚಿ ಸವೆದಿದೆಯೇ ಎಂದು ಉಗುರಾಡಿಸುವನು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವನು. ಲಾರಿಯ ಅಡಿಗೆ ನುಗ್ಗಿ ಬೆಸುಗೆಯ ಗಂಟು ಹುಡುಕುವನು. ಕೊನೆಗೆ ನನ್ನನ್ನು ತಗಡಿನ ಮೇಲೆ ಮೆಲ್ಲಗೆ ಜಾರಿಸುವನು. ಎಲ್ಲವೂ ಸರಿ ಇದ್ದರೆ ಕ್ಯಾಬಿನ್ ಹತ್ತಿ ಸ್ಟೇರಿಂಗಿನ ಮೇಲೆ ಬಲಗೈ ಇಡುತ್ತಿದ್ದ. ಅದು ಆ ಮೈದಾನದ ಪದ್ಧತಿ. ಗಾದಿಲಿಂಗಪ್ಪನ ಕೈ ಬಿದ್ದ ಗಾಡಿಯನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಆಮೇಲೆ ಅವನ ಮೊಣಕಾಲು ಹಿಡಿದುಕೊಂಡವು. ಲಾರಿಯ ಅಡಿಗೆ ಹೋಗುವುದು ನಿಂತಿತು. ತಟ್ಟುವುದೂ ನಿಂತಿತು. ಜನ ‘ಕಲ್ಲು ಹಚ್ಚೋ ಗಾದಿಲಿಂಗಪ್ಪ’ ಎಂದು ಹೊಗಳತೊಡಗಿದ ಮೇಲೆ, ಅವನಿಗೆ ನಾನೊಬ್ಬನಿದ್ದರೆ ಸಾಕಾಯಿತು. ನಾನು ಬಿದ್ದರೆ ಗಾಡಿ ಕೆಟ್ಟದ್ದು, ಅಂಟಿದರೆ ಒಳ್ಳೆಯದು. ನನಗೆ ಆಗಲೇ ದಿಗಿಲಾಗಿತ್ತು. ಹೇಳೋಣವೆಂದರೆ ಬಾಯಿಲ್ಲ.

ಮೈದಾನದ ದಲ್ಲಾಳಿ ಪಂಪನಗೌಡ ಮಾತ್ರ ನನ್ನನ್ನು ದಿನವೂ ಓರೆಗಣ್ಣಲ್ಲಿ ನೋಡುತ್ತಿದ್ದ. ನನ್ನಿಂದಾಗಿ ಅವನ ನಾಲ್ಕು ಗಾಡಿಗಳು ಮಾರಾಟವಾಗದೆ ನಿಂತಿದ್ದವು. ಐದನೆಯದಕ್ಕೆ ಅವನು ತಲೆ ಓಡಿಸಿದ್ದ.

ಆ ಲಾರಿ ಕೊಳ್ಳಲು ಬಂದವರು ದುರುಗಪ್ಪ ಮತ್ತು ಅವನ ಹೆಂಡತಿ ಹುಲಿಗೆಮ್ಮ. ಗಂಡ ಡ್ರೈವರ್, ಹೆಂಡತಿಯೇ ಕ್ಲೀನರ್. ಸಂಡೂರಿನ ಘಾಟಿನಲ್ಲಿ ಜಲ್ಲಿ ಸಾಗಿಸುವ ಕೆಲಸ ಗೊತ್ತಾಗಿತ್ತು. ಎಡಬಾಗಿಲಿನ ಪಕ್ಕದ ಸೀಟು ಹುಲಿಗೆಮ್ಮನದು.

ಗಾದಿಲಿಂಗಪ್ಪ ನನ್ನನ್ನು ಜಾರಿಸುತ್ತ ಬಂದ. ಬಾನೆಟ್ಟು ಸರಿ, ಬಲಬಾಗಿಲು ಸರಿ. ಎಡಬಾಗಿಲಿನ ಕೀಲು ಕೂರುವ ಕಂಬಕ್ಕೆ ಬಂದದ್ದೇ ನನಗೆ ಗಾಬರಿಯಾಯಿತು. ಬೀಳಲಿಲ್ಲ ನಾನು, ಬೀಳುವುದೇನು, ಲಬಕ್ಕನೆ ಕಚ್ಚಿಕೊಂಡೆ! ಬಲಗಡೆಯ ಕಂಬಕ್ಕಿಂತ ಇಲ್ಲಿ ಸೆಳೆತ ಒಂದೂವರೆ ಪಟ್ಟು. ಒಂದು ತಗಡಿರಬೇಕಾದ ಕಡೆ ಎರಡಿದ್ದವು. ಪಂಪನಗೌಡ ಪುಟ್ಟಿಯನ್ನೇ ಮುಟ್ಟಿರಲಿಲ್ಲ. ಮುರಿದ ಕಂಬದ ಮೇಲೆ ಹೊಸ ತಗಡು ಹೊದಿಸಿ, ಅಂಚಿಗೆ ಬೆಸುಗೆ ಹಾಕಿಸಿ ಬಣ್ಣ ಬಳಿಸಿದ್ದ.

ನಾನು ಮೈಯ ಬಲವನ್ನೆಲ್ಲ ಹಾಕಿ ಹಿಡಿದೆ. ಗಮನಿಸು ಮಾರಾಯ, ಇಷ್ಟು ಹಿಡಿಯಬಾರದು ಎಂದು ಒಳಗೇ ಕಿರುಚಿದೆ. ಗಾದಿಲಿಂಗಪ್ಪ ಎಳೆದ, ಬರಲಿಲ್ಲ. ಅವನ ಮುಖ ಅರಳಿತು.

“ನೋಡ್ರೋ, ನೋಡ್ರಿ! ಕೈ ಬಿಟ್ರೂ ಬೀಳವಲ್ದು. ಎಂಥಾ ಗಟ್ಟಿ ಕಬ್ಬಿಣ ಐತಿ!”

ನನ್ನನ್ನು ಹಾಗೇ ಕಂಬಕ್ಕೆ ಬಿಟ್ಟು, ಎರಡೂ ಕೈ ಎತ್ತಿ ಜನರಿಗೆ ತೋರಿಸಿದ. ಜನ ನಕ್ಕರು. ಪಂಪನಗೌಡ ಎಲ್ಲರಿಗಿಂತ ಹೆಚ್ಚು ನಕ್ಕ. ಗಾದಿಲಿಂಗಪ್ಪ ಆ ಉತ್ಸಾಹದಲ್ಲೇ ಆ ಕಡೆ ಹೋಗಿ ಕ್ಯಾಬಿನ್ ಹತ್ತಿ ಸ್ಟೇರಿಂಗಿನ ಮೇಲೆ ಕೈ ಇಟ್ಟ. ಹಾರ ಬಂತು, ನಿಂಬೆಹಣ್ಣು ಬಂತು, ಚಹಾ ಬಂತು. ನನ್ನನ್ನು ಎಲ್ಲರೂ ಮರೆತರು. ಲಾರಿ ಹೊರಟಾಗ ನಾನು ಕಂಬದಲ್ಲೇ ಇದ್ದೆ.

ಮುಂದಿನ ನಾಲ್ಕು ದಿನ ಘಾಟು ಹತ್ತುವುದು, ಇಳಿಯುವುದು. ಪ್ರತಿ ಗುಂಡಿಗೂ ಹೊಸ ತಗಡಿನ ಹಿಂದೆ ಮುರಿದ ಕಂಬದ ಎರಡು ತುದಿಗಳು ಕರಕರ ಎಂದು ಉಜ್ಜುತ್ತಿದ್ದವು. ಒಂದು ಅಂಗುಲ ಆಚೆ ಹುಲಿಗೆಮ್ಮನ ಮೊಣಕೈ. ಅವಳು ಬಾಗಿಲಿಗೆ ಒರಗಿ, ಕಿಟಕಿಯಿಂದ ತಲೆ ಹಾಕಿ, ತಿರುವಿನಲ್ಲಿ “ಬರ್ಲಿ, ಬರ್ಲಿ” ಎಂದು ಕೂಗುವಳು. ಆ ಕಂಬ ಬಿಟ್ಟುಕೊಟ್ಟರೆ ಬಾಗಿಲ ಸಮೇತ ಅವಳು ಕಣಿವೆಗೆ ಬೀಳುತ್ತಿದ್ದಳು. ಇದು ಗೊತ್ತಿದ್ದದ್ದು ನನಗೊಬ್ಬನಿಗೆ. ಎಂಥ ಶಿಕ್ಷೆ ಹೇಳಿ!

ನನ್ನಿಂದ ಆಗುವುದು ಒಂದೇ, ಸೆಳೆಯುವುದು. ಉಜ್ಜಿದ ಕಬ್ಬಿಣದ ಪುಡಿ ತಗಡಿನ ಅಂಚಿನ ಸಂದಿನಿಂದ ನನ್ನ ಪಕ್ಕದಲ್ಲೇ ಉದುರುತ್ತಿತ್ತು. ಅದನ್ನು ಒಂದು ಕಣವೂ ನೆಲಕ್ಕೆ ಬಿಡದೆ ಹಿಡಿದೆ. ಸಂಜೆಯಾಗುವುದರೊಳಗೆ ನನಗೆ ಮುಳ್ಳುಮುಳ್ಳು ಮೀಸೆ ಬಂದಿತ್ತು. ಬೆಳಿಗ್ಗೆ ಹುಲಿಗೆಮ್ಮ ಕ್ಯಾಬಿನ್ ಒರೆಸುವಾಗ ನನ್ನನ್ನೂ ಒರೆಸಿದಳು. ಮರುದಿನ ಮತ್ತೆ ಮೀಸೆ. ಮತ್ತೆ ಒರೆಸಿದಳು. ನಾಲ್ಕನೆಯ ಬೆಳಿಗ್ಗೆ ಒರೆಸಿದ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನಿಂತುಬಿಟ್ಟಳು.

“ಗಣಿ ಲಾರಿಗಳ ಅದಿರಿನ ಧೂಳ ಅದು. ಹತ್ತು, ಲೋಡಿಗೆ ಹೊತ್ತಾತು,” ಎಂದ ದುರುಗಪ್ಪ.

“ಅದಿರು ಹಿಂಗ ಹೊಳೀತೈತೇನು? ನಮ್ಮಪ್ಪ ಕಮ್ಮಾರ. ಅರ ತಿಕ್ಕಿದ ಪುಡಿ ನಾ ಸಣ್ಣಾಕಿದ್ದಾಗಿಂದ ಬಳದೀನಿ. ಇಲ್ಲಿ ಕಬ್ಬಿಣ ಕಬ್ಬಿಣಕ್ಕ ತಿಕ್ಕಾಕತ್ತೈತಿ.”

“ಗಾದಿಲಿಂಗ ದೊಡ್ಡಪ್ಪ ಸ್ಟೇರಿಂಗ್ ಮ್ಯಾಲ ಕೈ ಇಟ್ಟಾನಲ್ಲ!”

“ಅವ ಕೈ ಇಟ್ಟಿದ್ದು ಸ್ಟೇರಿಂಗ್ ಮ್ಯಾಲ. ನಾ ಕುಂದ್ರೋದು ಈ ಕಡಿ.”

ದುರುಗಪ್ಪ ಬಟ್ಟೆಯನ್ನು ತಾನೂ ಬಿಸಿಲಿಗೆ ಹಿಡಿದು ನೋಡಿದ. ಲೋಡು ಬಿಟ್ಟು ಲಾರಿಯನ್ನು ಮೈದಾನದ ಕಡೆ ತಿರುಗಿಸಿದ. ಹುಲಿಗೆಮ್ಮ ಅಂದು ನಡುವೆ, ಗಂಡನ ಪಕ್ಕ ಕುಳಿತಳು.

ಗಾದಿಲಿಂಗಪ್ಪ ನಾಲ್ಕು ದಿನದಿಂದ ನನ್ನನ್ನು ಹುಡುಕಿ ಸುಸ್ತಾಗಿದ್ದ. ಕಂಬದ ಮೇಲೆ ನನ್ನನ್ನು ಕಂಡು “ಇಲ್ಲೇ ಐತಲ್ಲವ್ವಾ!” ಎಂದು ಕೈ ಚಾಚಿದ. ಹುಲಿಗೆಮ್ಮ ಮೊದಲು ಬಟ್ಟೆ ಬಿಡಿಸಿ ಪುಡಿ ತೋರಿಸಿದಳು.

“ಇದು ಎಲ್ಲಿಂದ ಬಂತು, ದೊಡ್ಡಪ್ಪಾ?”

ಅವನು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. ಮುಖದ ಕಳೆ ಹೋಯಿತು. ಪಂಪನಗೌಡ ಓಡಿಬಂದು “ಗಾದಿಲಿಂಗಣ್ಣಾ, ಹಳೆ ಗಾಡಿ ಅಂದ್ರ ಒಂದೀಟು ತುಕ್ಕು ಉದುರ್ತೈತಿ” ಎಂದ. ಗಾದಿಲಿಂಗಪ್ಪ ಅವನತ್ತ ತಿರುಗಲೂ ಇಲ್ಲ. ಹೆಗಲ ಟವೆಲ್ಲನ್ನು ನೆಲಕ್ಕೆ ಹಾಸಿ, ನರಳುತ್ತ, ಮೊಣಕಾಲು ಹಿಡಿದುಕೊಂಡು, ಎಷ್ಟೋ ವರ್ಷಗಳ ಮೇಲೆ ಲಾರಿಯ ಅಡಿಗೆ ಮಲಗಿದ. ಬೆರಳ ಗೆಣ್ಣಿನಿಂದ ಕಂಬ ತಟ್ಟಿದ. ಒಡಕು ಗಡಿಗೆಯ ಸದ್ದು ಬಂತು. ಉಳಿ ಸುತ್ತಿಗೆ ತರಿಸಿ ಅಂಚಿನ ತಗಡು ಎಬ್ಬಿಸಿದ. ಒಳಗಿನ ಕಂಬ ಎರಡು ತುಂಡಾಗಿತ್ತು, ನಡುವೆ ಅವನ ಹೆಬ್ಬೆರಳು ಸಲೀಸಾಗಿ ಹೋಯಿತು.

ಹೊರಗೆ ಬಂದಾಗ ಮೈದಾನದ ಜನವೆಲ್ಲ ಸೇರಿತ್ತು. ಪಂಪನಗೌಡ ಏನೋ ಹೇಳಹೋದ.

“ನಿಂದು ಆಮ್ಯಾಲ,” ಎಂದ ಗಾದಿಲಿಂಗಪ್ಪ. “ಮೊದ್ಲ ನಂದು. ಎಲ್ಲಾರೂ ಕೇಳ್ರಿ. ನಾ ಈ ಗಾಡಿ ನೋಡಲಿಲ್ಲ. ನೋಡ್ದೆ ಅಂತ ಹೇಳ್ದೆ.” ಎಂದೂ ಯಾರ ಮುಂದೂ ತಲೆ ತಗ್ಗಿಸದವನು ಹುಲಿಗೆಮ್ಮನ ಮುಂದೆ ತಲೆ ತಗ್ಗಿಸಿದ. ನನಗೆ ಸಂಕಟವಾಯಿತು. ಅವನ ಮೇಲೆ ನಾಲ್ಕು ದಿನ ಹಲ್ಲು ಕಡಿದಿದ್ದೆ, ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಹೊಸ ಕಂಬ ಕೂರಿಸಿಕೊಡದಿದ್ದರೆ ಮೈದಾನದಲ್ಲಿ ಅವನ ಒಂದು ಗಾಡಿಯನ್ನೂ ಯಾರೂ ಮುಟ್ಟುವುದಿಲ್ಲ ಎಂದು ಜನವೇ ಪಂಪನಗೌಡನಿಗೆ ಹೇಳಿದರು. ಅವನು ಗೊಣಗುತ್ತ ಒಪ್ಪಿಕೊಂಡ. ಇಮಾಮಸಾಬರು ಮುರಿದ ಕಂಬ ಕತ್ತರಿಸಿ ಪೂರ್ತಿ ಹೊಸದು ಕೂರಿಸಿದರು. ಕೆಲಸ ಮುಗಿಯುವವರೆಗೆ ಗಾದಿಲಿಂಗಪ್ಪ ಅಲ್ಲಿಂದ ಕದಲಲಿಲ್ಲ. ಮುಗಿದ ಮೇಲೆ ದುರುಗಪ್ಪ ಪದ್ಧತಿಯಂತೆ ಸ್ಟೇರಿಂಗ್ ತೋರಿಸಿ “ಕೈ ಇಡು, ದೊಡ್ಡಪ್ಪಾ” ಎಂದ. ಗಾದಿಲಿಂಗಪ್ಪ ಇಡಲಿಲ್ಲ. ಎಡಬಾಗಿಲು ತೆಗೆದು ಕಷ್ಟಪಟ್ಟು ಹತ್ತಿ, ಹುಲಿಗೆಮ್ಮನ ಜಾಗದಲ್ಲಿ ಕುಳಿತ.

“ಯವ್ವಾ, ನೀ ನಡುವ ಕುಂದ್ರು. ಗಾಡಿ ಜಲ್ಲಿ ತುಂಬ್ಕೊಂಡು ಘಾಟು ಇಳೀಲಿ. ಈ ಬಾಗ್ಲಾ ತೆರದ್ರ ನಾ ಬೀಳ್ತೀನಿ.”

ಇಳಿಜಾರಿನುದ್ದಕ್ಕೂ ಅವನು ಬಾಗಿಲಿಗೆ ಒರಗಿಯೇ ಕುಳಿತಿದ್ದ. ಕಂಬ ಬದಲಿಸುವಾಗ ನನ್ನನ್ನು ಕಿತ್ತು ಇಟ್ಟುಕೊಂಡಿದ್ದ ಹುಲಿಗೆಮ್ಮನ ಮುಷ್ಟಿಯಲ್ಲಿ ನಾನು ಬೆವತುಹೋದೆ. ಬಾಗಿಲು ತೆರೆಯಲಿಲ್ಲ. ಘಾಟಿನ ಬುಡದಲ್ಲಿ ಲಾರಿ ನಿಂತಾಗ ಅವಳು ನನ್ನನ್ನು ಅವನಿಗೆ ಕೊಡಹೋದಳು. ಅವನು ನನ್ನನ್ನು ಒಮ್ಮೆ ಸವರಿ ಅವಳ ಕೈಗೇ ಮರಳಿಸಿದ.

“ನಿನ್ನ ಕಡೆ ಇರಲಿ. ಅದು ಹೇಳಿತ್ತು ಯವ್ವಾ. ನನಗ ಕೇಳಲಿಲ್ಲ.”

ಇದೆಲ್ಲ ಆಗಿ ಬಹಳ ವರ್ಷಗಳಾದವು. ಬಿಸಿಲಿಗೂ ಬಡಿತಕ್ಕೂ ನನ್ನ ಸೆಳೆತ ಕುಗ್ಗಿದೆ. ಒಂದು ಅಂಚು ಚಕ್ಕೆ ಎದ್ದಿದೆ. ಮೊದಲಾದರೆ ಗೇಣು ದೂರದ ಮೊಳೆ ಎಗರಿ ಬರುತ್ತಿತ್ತು, ಈಗ ಪಕ್ಕಕ್ಕೆ ಬಂದ ಗುಂಡುಸೂಜಿಯೂ ಅನುಮಾನಿಸುತ್ತದೆ. ಆದರೂ ಇರುವುದು ಹುಲಿಗೆಮ್ಮ ಅಂದು ಅಂಟಿಸಿದ ಆ ಹೊಸ ಕಂಬದ ಮೇಲೆ, ಅವಳ ಮೊಣಕೈ ಪಕ್ಕ. ನನ್ನ ಒಳಗಿನ ಚಡಪಡಿಕೆ ಹೋಗಿಲ್ಲ. ನಾಳೆ ಪುಡಿ ಉದುರಿದರೆ ಹಿಡಿದು ತೋರಿಸುವ ಶಕ್ತಿ ನನ್ನಲ್ಲಿ ಇದೆಯೋ ಇಲ್ಲವೋ ಎಂದು ಪ್ರತಿ ಗುಂಡಿಗೂ ಹೆದರುತ್ತೇನೆ. ಬೆಳಿಗ್ಗೆ ಲಾರಿ ಹೊರಡುವ ಮುಂಚೆ ಹುಲಿಗೆಮ್ಮ ಬರುತ್ತಾಳೆ. ನನ್ನನ್ನು ನೋಡುವುದೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಅಡಿಗೆ ಬಗ್ಗಿ, ಬೆರಳ ಗೆಣ್ಣಿನಿಂದ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟಿ ಕಿವಿಗೊಟ್ಟು ಕೇಳುತ್ತಾಳೆ. ಅವಳು ಕೇಳಿ ಮುಗಿಸುವವರೆಗಿನ ಅಷ್ಟು ಹೊತ್ತು ಮಾತ್ರ ನಾನು ನೆಮ್ಮದಿಯಾಗಿ ಸುಮ್ಮನಿರುತ್ತೇನೆ.