ಖಂಡೇಪೂಜೆಗೆ ಚಾಲೂ ಇದ್ದ ಮಷೀನು

ಸಿದ್ದಾರೂಢನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಷರ ಗೊತ್ತಿದ್ದವು, ಕೂಡಿಸಿ ಓದುತ್ತಿದ್ದ, ಅಷ್ಟರ ಮೇಲೆಯೇ ಬಿ.ಎ. ಎರಡನೇ ವರ್ಷದವರೆಗೆ ಬಂದಿದ್ದ. ಆದರೆ ಓದಿದ್ದರ ಅರ್ಥ ತಲೆಗೆ ಇಳಿಯುತ್ತಿರಲಿಲ್ಲ. ತಾಂಬಾದಿಂದ ಇಂಡಿ ಊರಿನ ಕಾಲೇಜಿಗೆ ಬಸ್ಸಿನಲ್ಲಿ ಬರುವ ಹುಡುಗರ ನಡುವೆ ಇದನ್ನು ಯಾರೂ ಕೊರತೆ ಎಂದು ಎಣಿಸುತ್ತಿರಲಿಲ್ಲ. ಅವನೂ ಎಣಿಸಿರಲಿಲ್ಲ. ಸುಜಯೀಂದ್ರ ಸೊಲ್ಲಾಪುರದಿಂದ ಆ ಗೇಮಿನ ಸಿ.ಡಿ. ತಂದ ಮೇಲೆ ಎಣಿಸತೊಡಗಿದ.

ಸುಜಯೀಂದ್ರ ಅದೇ ಕಾಲೇಜಿನವನು. ಅಪ್ಪ ಪಂಢರಿನಾಥರಾಯರು ಇಂಡಿಯಲ್ಲಿ ಹೈಸ್ಕೂಲ್ ಮಾಸ್ತರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಬೇಕೆನಿಸಿದಾಗ ಇಂಗ್ಲಿಷ್. ಅವನಿಗೆ ಗೇಮಿನಲ್ಲಿ ಬರುವುದೆಲ್ಲ ಓದಲು ಬರುತ್ತಿತ್ತು, ಕೈ ಮಾತ್ರ ಓಡುತ್ತಿರಲಿಲ್ಲ. ಮೊದಲ ಊರಿನ ಅಗಸಿ ಬಾಗಿಲು ದಾಟುವಷ್ಟರಲ್ಲಿ ತೋಳಗಳು ಅವನನ್ನು ಹರಿದು ಹಾಕುತ್ತಿದ್ದವು. ಸಿದ್ದಾರೂಢನ ಕೈ ಬೆಂಕಿಯಂಥದು. ಹೀಗಾಗಿ ಓದುವವನು ಒಬ್ಬ, ಬಡಿದಾಡುವವನು ಒಬ್ಬ ಎಂದು ಇಬ್ಬರೂ ಒಂದೇ ಮಷೀನಿಗೆ ಗಂಟು ಬಿದ್ದರು. ಇದಕ್ಕೆ ದೋಸ್ತಿ ಎಂದು ಹೆಸರಿಟ್ಟವರು ಕಾಲೇಜಿನ ಉಳಿದ ಹುಡುಗರು. ಅವರಿಬ್ಬರಿಗೆ ಅಂಥ ಭ್ರಮೆ ಇರಲಿಲ್ಲ.

ಮಷೀನು ಇದ್ದದ್ದು ಮಡಿವಾಳಪ್ಪನ ಕಂಪ್ಯೂಟರ್ ಕ್ಲಾಸಿನಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಬೀಜ-ಗೊಬ್ಬರದ ಅಂಗಡಿಯ ಮೇಲೆ. ಅಲ್ಲಿ ಟೈಪಿಂಗ್ ಕಲಿಯುವವರಿಗೆ ಒಂದು ಸಾಲು ಹಳೆಯ ಕಂಪ್ಯೂಟರುಗಳಿದ್ದವು. ಮೂಲೆಯಲ್ಲಿ ಒಂದು ಹೊಸದು, ದೊಡ್ಡದು. ಅದು ಮದುವೆ, ಬಸುರಿಯ ಕುಬಸ, ಮಗುವಿನ ಕೂದಲು ತೆಗೆಸುವ ಜವಳ ಇವುಗಳ ಆಲ್ಬಮ್ ಮಾಡಲು ತಂದದ್ದು. ಮಡಿವಾಳಪ್ಪನ ತಂಗಿ ಭಾಗ್ಯಜ್ಯೋತಿ ಅದರ ಮುಂದೆ ಕೂತು ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಫೋಟೊದವರು ಕೊಟ್ಟು ಹೋದ ಚಿತ್ರಗಳಿಂದ ಮದುಮಕ್ಕಳನ್ನು ಕತ್ತರಿಸಿ ತಾಜಮಹಲಿನ ಮುಂದೆ, ಹಂಸದ ಬೆನ್ನ ಮೇಲೆ, ಹಿಮದ ಗುಡ್ಡದಲ್ಲಿ ನಿಲ್ಲಿಸುತ್ತಿದ್ದಳು. ಅವಳು ಊಟಕ್ಕೆ ಮನೆಗೆ ಹೋಗಿ ಬರುವವರೆಗೆ ಮಷೀನು ಇವರದು. ಆ ಗೇಮು ಉಳಿದ ಯಾವ ಮಷೀನಿನಲ್ಲೂ ಓಡುತ್ತಿರಲಿಲ್ಲ.

ಗೇಮಿಗೆ ದಾರಿ ಎಂಬುದಿರಲಿಲ್ಲ. ಎತ್ತ ಬೇಕಾದರೂ ಹೋಗಬಹುದಿತ್ತು, ಎತ್ತ ಹೋದರೂ ಸಾಯಬಹುದಿತ್ತು. ಕಾಡು, ಕೆಸರಿನ ಬಯಲು, ಸುಟ್ಟ ಊರುಗಳು, ದೂರದಲ್ಲಿ ಒಂದು ಕರಿ ಕೋಟೆ. ಸತ್ತರೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲಿ ಬೀಳುತ್ತಿತ್ತು. ಹೋಗಿ ಎತ್ತಿಕೊಳ್ಳುವ ಮೊದಲೇ ಇನ್ನೊಮ್ಮೆ ಸತ್ತರೆ ಅದೂ ಹೋಯಿತು. ಅಲ್ಲಲ್ಲಿ ದೀಪ ಇಟ್ಟ ಕಲ್ಲುಗಳಿದ್ದವು. ಸಿದ್ದಾರೂಢ ಅವಕ್ಕೆ ಗದ್ದಿಗೆ ಎನ್ನುತ್ತಿದ್ದ. ಗದ್ದಿಗೆಯ ಮುಂದೆ ಮಂಡಿ ಊರಿದರೆ ಮಾತ್ರ ಅಲ್ಲಿವರೆಗಿನ ಆಟ ಮಷೀನಿನಲ್ಲಿ ಉಳಿಯುತ್ತಿತ್ತು. ನಡುವೆ ಮಷೀನು ಬಂದ್ ಆದರೆ ಹಿಂದಿನ ಗದ್ದಿಗೆಗೆ ವಾಪಸು. ಇಷ್ಟು ನಿರ್ದಯವಾದದ್ದನ್ನು ಸಿದ್ದಾರೂಢ ಅಲ್ಲಿಯವರೆಗೆ ಕಂಡಿರಲಿಲ್ಲ, ಅದಕ್ಕೇ ಅವನಿಗೆ ಅದು ಹಿಡಿಸಿತ್ತು.

ಒಂದೇ ತಕರಾರು. ಮೊದಲ ದಿನ ಗೇಮು ವೀರನ ಹೆಸರು ಕೇಳಿದಾಗ ಸುಜಯೀಂದ್ರ ತನ್ನ ಹೆಸರು ಹೊಡೆದಿದ್ದ. ಅದರಲ್ಲಿ ಒಬ್ಬನೇ ವೀರ. ಹೊಸಬನನ್ನು ಹುಟ್ಟಿಸಿದರೆ ಹಳಬ ಅಳಿಸಿ ಹೋಗುತ್ತಿದ್ದ. ಸಿದ್ದಾರೂಢ ಬೆವರು ಸುರಿಸಿ ಯಾವುದೋ ರಾಕ್ಷಸನನ್ನು ಕೆಡವಿದಾಗ ಪರದೆಯ ತುಂಬ ಸುಜಯೀಂದ್ರನ ಹೆಸರು ಬಂಗಾರದ ಅಕ್ಷರದಲ್ಲಿ ಮೂಡುತ್ತಿತ್ತು. ಅಷ್ಟು ಇಂಗ್ಲಿಷ್ ಅವನಿಗೆ ಓದಲು ಬರುತ್ತಿತ್ತು.

“ನಿನ್ನೆ ಕಲ್ಲಿನ ರಾಕ್ಷಸನ್ನ ಒಗದೆ,” ಎಂದು ಸುಜಯೀಂದ್ರ ಕ್ಯಾಂಟೀನಿನಲ್ಲಿ ಹುಡುಗರಿಗೆ ಹೇಳುತ್ತಿದ್ದ.

“ನೀ ಒಗದೇನಲೇ?” ಎಂದ ಸಿದ್ದಾರೂಢ.

“ಹೆಸರು ಯಾರದು ಬಂತು?” ಸುಜಯೀಂದ್ರ ಚಹಾ ಊದುತ್ತ ಉಳಿದವರ ಕಡೆ ತಿರುಗಿದ. “ಇಂವ ನಮ್ಮ ಡ್ರೈವರ. ಹೊಡೀಲಿಕ್ಕೆ ಚಲೋ ಹೊಡೀತಾನ. ಎತ್ತ ಹೊಡೀಬೇಕು ಅನ್ನೂದು ನಾ ಹೇಳ್ತೀನಿ.”

ಹುಡುಗರು ನಕ್ಕರು. ತಾಂಬಾದಲ್ಲಿ ಸಿದ್ದಾರೂಢನ ಮನೆಯ ನಿಂಬೆತೋಟಕ್ಕೆ ಹೋಗಿ ಬರುವ ಟ್ರ್ಯಾಕ್ಟರಿಗೆ ಸಂಬಳದ ಡ್ರೈವರ್ ಇದ್ದ. ಊರಲ್ಲಿ ಯಾರೂ ಸಿದ್ದಾರೂಢನಿಗೆ ಇಂಥ ಮಾತು ಆಡಿರಲಿಲ್ಲ.

ಆವತ್ತು ಮಷೀನಿನ ಮುಂದೆ ಕೂತಾಗ ಕೇಳಿದ. “ಹೆಸರು ಬದಲಿ ಮಾಡು.”

“ಬರೂದಿಲ್ಲ.”

“ಖರೇ ಹೇಳು.”

“ಎಲ್ಲಾ ಓದೀನಿ ನಾ. ಇಟ್ಟದ್ದ ಹೆಸರು. ಆಡಾವಿದ್ರ ಆಡು, ಇಲ್ಲಾಂದ್ರ ಏಳು.”

ಸಿದ್ದಾರೂಢ ಏಳಲಿಲ್ಲ. ಏಳಲಾರದ್ದಕ್ಕೆ ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

ದಸರೆಯ ರಜೆಗೆ ಸುಜಯೀಂದ್ರ ತಾಯಿ ಇಂದೂಬಾಯಿಯ ಸಂಗಡ ಪಂಢರಪುರಕ್ಕೆ ಹೋದ. ಸಿದ್ದಾರೂಢ ಒಬ್ಬನೇ ಕೂತು ಕೆಸರಿನ ಬಯಲಿನಲ್ಲಿ ತಿರುಗಾಡಿದ. ಅಲ್ಲಿ ಒಂದು ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಿದ್ದಳು. ಹಿಂದೆ ಹತ್ತಿರ ಹೋದಾಗಲೆಲ್ಲ ಸುಜಯೀಂದ್ರ, “ಹುಚ್ಚಿ ಆಕಿ, ಸುಮ್ಮನ ಬಡಬಡಸ್ತಾಳ, ಮುಂದ ನಡಿ,” ಎಂದಿದ್ದ. ಈಗ ಅವಸರ ಮಾಡುವವರು ಇರಲಿಲ್ಲ. ಮುದುಕಿಯ ಮಾತು ಪರದೆಯ ಕೆಳಗೆ ಬಂದು ನಿಂತಿತು. ಭಾಗ್ಯಜ್ಯೋತಿ ಊಟ ಮುಗಿಸಿ ಬಂದು ಮಷೀನು ಖಾಲಿ ಆಗಲೆಂದು ಹಿಂದೆ ನಿಂತಿದ್ದಳು.

“ಅಕ್ಕಾರ, ಇದೇನಂತ ಒಂಚೂರು ನೋಡ್ರಿ.”

ಅವಳು ಬಾಗಿ ಓದಿದಳು. “ಬಾವ್ಯಾಗ ಒಂದು ದೆವ್ವ ಐತಂತ. ಅದನ್ನ ಕೊಂದು ಬಂದ್ರ ನಿನ್ನ ಹೆಸರು ತಗೊಂಡು ಬ್ಯಾರೆ ಹೆಸರು ಕೊಡ್ತೇನಿ ಅನ್ನಾಕತ್ತಾಳ.”

“ಹಂಗ ಐತೇನ್ರಿ?”

“ಹಂಗ ಐತಿ. ಯಾಕ?”

“ಏನಿಲ್ರಿ.”

“ಏನಿಲ್ಲಂದ್ರ ಏಳು ತಮ್ಮಾ. ಬ್ಯಾಸಗಿ ಮದುವಿ ಆಲ್ಬಮ್ ಎಲ್ಲಾ ಹಂಗ ಬಿದ್ದಾವು. ಬೀಗರು ಬಂದು ಕುಂದ್ರಾಕತ್ತಾರ.”

ಬಾವಿಯೊಳಗಿನ ದೆವ್ವ ಸುಲಭದ್ದಲ್ಲ. ಅದಕ್ಕೆ ಮುಖ ಇರಲಿಲ್ಲ, ಯಾವ ಕಡೆ ತಿರುಗಿದೆ ಎಂದು ತಿಳಿಯುತ್ತಿರಲಿಲ್ಲ. ಸಿದ್ದಾರೂಢ ಕಲಿತದ್ದು ಒಂದೇ: ಅದು ಕೈ ಎತ್ತುವವರೆಗೆ ಅಲುಗಾಡಬಾರದು. ಅಲುಗಿದವನು ಸತ್ತ. ಸೋತು, ಮತ್ತೆ ಹೋಗಿ, ಮತ್ತೆ ಸೋತು, ಖಂಡೇಪೂಜೆಯ ದಿನ ಮುಂಜಾನೆ, ಭಾಗ್ಯಜ್ಯೋತಿ ಪೂಜೆಯ ತಯಾರಿಯಲ್ಲಿದ್ದಾಗ, ಅದನ್ನು ಕೆಡವಿದ. ಮೇಲೆ ಬಂದು ಮುದುಕಿಯ ಎದುರು ನಿಂತ. ಹೆಸರಿನ ಜಾಗ ಖಾಲಿಯಾಗಿ ಮಿನುಗಿತು. ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಹೊಡೆದ. ವೀರನ ತಲೆಯ ಮೇಲೆ ಈಗ ಅವನ ಹೆಸರಿತ್ತು. ಉಳಿದದ್ದು ಕೆಸರು ದಾಟಿ ಗದ್ದಿಗೆ ಮುಟ್ಟುವುದು. ಅಲ್ಲಿಯವರೆಗೆ ಆ ಹೆಸರು ಮಷೀನಿನಲ್ಲಿ ಉಳಿದಂತಲ್ಲ.

ಕ್ಲಾಸಿನಲ್ಲಿ ಆಗಲೇ ನೆಲ ತೊಳೆದು, ಬಾಗಿಲಿಗೆ ಬಾಳೆಕಂಬ ಕಟ್ಟಿ ಆಗಿತ್ತು. ಖಂಡೇಪೂಜೆಗೆ ಅನ್ನ ಕೊಡುವ ವಸ್ತುವನ್ನು ಕೆಳಗಿಡಬೇಕು. ರೈತ ಕುಂಟೆ-ಕೂರಿಗೆ ಇಡುತ್ತಾನೆ, ಅಂಗಡಿಯವನು ತಕ್ಕಡಿ ಇಡುತ್ತಾನೆ, ಮಡಿವಾಳಪ್ಪ ಕಂಪ್ಯೂಟರ್ ಬಂದ್ ಮಾಡಿ ಇಡುತ್ತಿದ್ದ. ಪೂಜೆಗೆ ಕೂತದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ವಿಭೂತಿ ಬಳಿದು, ಚೆಂಡುಹೂ ಏರಿಸಿ, ಕಾಯಿ ಒಡೆದು, ಅದರ ನೀರನ್ನು ಪ್ರತಿ ಕಂಪ್ಯೂಟರಿನ ಡಬ್ಬಿಯ ಮೇಲೂ ಚಿಮುಕಿಸುವುದು ಅವನ ಪದ್ಧತಿ. ಆರಿದ ಮಷೀನಿಗೆ ಆ ನೀರು ಏನೂ ಮಾಡುತ್ತಿರಲಿಲ್ಲ, ಮರುದಿನಕ್ಕೆ ಒಣಗಿರುತ್ತಿತ್ತು.

“ಏಳಲೇ ಸಿದ್ದ್ಯಾ, ಬಂದ್ ಮಾಡು,” ಎಂದ ಮಡಿವಾಳಪ್ಪ.

“ಸರ, ಅರ್ಧಾ ತಾಸ್ರಿ.”

“ಅರ್ಧಾ ನಿಮಿಷಾನೂ ಇಲ್ಲ. ಮಂದಿ ಆಯುಧಾ ಕೆಳಗ ಇಡೂ ದಿನಾ ನೀ ಒಬ್ಬಾಂವ ಕತ್ತಿ ತಿರುವಾಕತ್ತಿ.”

ಸಿದ್ದಾರೂಢ ವೀರನನ್ನು ಒಂದು ಒಣಮರದ ಮರೆಯಲ್ಲಿ ನಿಲ್ಲಿಸಿ ಪರದೆಯನ್ನಷ್ಟೇ ಆರಿಸಿದ. ಪಕ್ಕದ ಡಬ್ಬಿಯನ್ನು ಹಾಗೇ ಚಾಲೂ ಬಿಟ್ಟ. ಹಬ್ಬದ ದಿನ ಕರೆಂಟು ತೆಗೆಯಲಿಕ್ಕಿಲ್ಲ, ತೆಗೆದರೂ ಬ್ಯಾಟರಿ ಇದೆ, ನಾಳೆ ಮುಂಜಾನೆ ಎಲ್ಲರಿಗಿಂತ ಮೊದಲು ಬಂದರಾಯಿತು ಎಂದು ಲೆಕ್ಕ ಹಾಕಿದ.

“ಬಂದಾತ್ರಿ.”

ಭಾಗ್ಯಜ್ಯೋತಿ ಎಲ್ಲ ಡಬ್ಬಿಗಳಿಗೂ ವಿಭೂತಿ ಎಳೆದಳು, ನಿಂಬೆಹಣ್ಣು ಇಟ್ಟಳು. ಮೇಲಿನ ಫ್ಯಾನಿನ ಗರಗರದಲ್ಲಿ ಮಷೀನಿನ ಸಪ್ಪಳ ಅವಳಿಗೆ ಕೇಳಲಿಲ್ಲ. ಡಬ್ಬಿಯ ಮುಂದಿನ ಸಣ್ಣ ಹಸಿರು ದೀಪದ ಮೇಲೆ ಚೆಂಡುಹೂವಿನ ಸರ ಬಂದು ಕೂತಿತು. ಸಿದ್ದಾರೂಢನೇ ಅದನ್ನು ಇನ್ನಷ್ಟು ಎಳೆದು ಮುಚ್ಚಿದ.

ಆಗ ಸುಜಯೀಂದ್ರ ಬಂದ. ಮಡಿವಾಳಪ್ಪನಿಗೆ ಪಂಢರಪುರದ ಪ್ರಸಾದ ಕೊಟ್ಟು, ಮೂಲೆಗೆ ಬಂದು ದೊಡ್ಡ ಮಷೀನಿಗೆ ಆತು ನಿಂತ. ನಿಂತವನು ಅಂಗೈಯನ್ನು ಡಬ್ಬಿಯ ಮೇಲೆ ಇಟ್ಟು ನೋಡಿದ. ಬೆಚ್ಚಗಿತ್ತು. ಬೆರಳಿನಿಂದ ಹೂ ಸರಿಸಿದ.

“ಮುದುಕಿ ಸಿಕ್ಕಳೇನು?” ಎಂದು ಮೆಲ್ಲಗೆ ಕೇಳಿದ.

“ಸುಳ್ಳ ಹೇಳಿದಿ ಮಗನ ನನಗ.”

“ನೀ ಓದಬೇಕಿತ್ತು.”

“ಈಗ ನನ್ನ ಹೆಸರೈತಿ ಅದಕ್ಕ.”

“ಗದ್ದಿಗಿ ಮುಟ್ಟೀದೇನು?”

ಸಿದ್ದಾರೂಢ ಆರಿದ ಪರದೆಯ ಕಡೆ ನೋಡಿದ. ಸುಜಯೀಂದ್ರ ಹೂವನ್ನು ಮೊದಲಿದ್ದಂತೆ ಇಟ್ಟ.

ಕಾಯಿ ಒಡೆಯಿತು. ಮಡಿವಾಳಪ್ಪ ನೀರು ತುಂಬಿದ ಹೋಳನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ಒಂದೊಂದೇ ಮಷೀನಿಗೆ ಚಿಮುಕಿಸುತ್ತ ಸಾಲಿನ ತುದಿಗೆ ಬಂದ.

“ಸರ, ಇದಕ್ಕ ಸ್ವಲ್ಪ ಧಾರಾಳ ಆಗ್ಲಿ,” ಎಂದ ಸುಜಯೀಂದ್ರ. “ನಿಮ್ಮ ಅನ್ನದ ಮಷೀನು ಇದ ಅಲ್ಲೇನು? ಅದೆಲ್ಲಾ ಬರೇ ಟೈಪಿಂಗಿಂದು.”

“ಖರೇ ಅಂದಿ ನೋಡು,” ಎಂದು ಮಡಿವಾಳಪ್ಪ ಹೋಳನ್ನು ಡಬ್ಬಿಯ ಮೇಲೆ ಎತ್ತಿದ.

ಸುಜಯೀಂದ್ರ ಸಿದ್ದಾರೂಢನ ಮುಖವನ್ನೇ ನೋಡುತ್ತಿದ್ದ. ಅವನು ಕೂಗುತ್ತಾನೆ, ತಾನಾಗಿಯೇ ಓಡಿ ಬಂದು ವೈರು ಕೀಳುತ್ತಾನೆ, ಹೆಸರು ಅವನ ಕೈಯಿಂದಲೇ ಹೋಗುತ್ತದೆ ಎಂಬುದು ಸುಜಯೀಂದ್ರನ ಎಣಿಕೆ. ಸಿದ್ದಾರೂಢನಿಗೂ ಅದು ತಿಳಿಯಿತು. ಬಾಯಿ ಬಿಟ್ಟರೆ ಮಷೀನು ಉಳಿಯುತ್ತದೆ, ಹೆಸರು ಹೋಗುತ್ತದೆ. ಬಿಡದಿದ್ದರೆ ನೀರು ಮುಂದಕ್ಕೆ ಹರಿದು ಮೇಜಿಗೆ ಇಳಿದು ಎರಡೂ ಉಳಿದರೂ ಉಳಿಯಬಹುದು. ಅದು ಕೈ ಎತ್ತುವವರೆಗೆ ಅಲುಗಾಡಬಾರದು. ಅವನು ಅಲುಗಾಡಲಿಲ್ಲ. ಹೋಳು ವಾಲತೊಡಗಿದಾಗ ಸುಜಯೀಂದ್ರನ ತುಟಿಯ ಮೇಲಿನ ನಗು ಹೋಯಿತು. ಅವನ ಬಾಯಿ ಸ್ವಲ್ಪ ತೆರೆಯಿತು. ಮಾತು ಅವನಿಂದಲೂ ಬರಲಿಲ್ಲ.

ನೀರು ಹಿಂದಕ್ಕೆ ಹರಿದು ಡಬ್ಬಿಯ ಗಾಳಿ-ಜಾಲಿಯೊಳಗೆ ಇಳಿಯಿತು. ಟಪ್ ಎಂದು ಸದ್ದಾಯಿತು. ಹೂವಿನ ನಡುವಿನಿಂದ ತೆಳ್ಳಗೆ ಹೊಗೆ ಬಂತು, ಸುಟ್ಟ ಪ್ಲಾಸ್ಟಿಕ್ಕಿನ ನಾತ ಊದಿನಕಡ್ಡಿಯ ವಾಸನೆಯೊಳಗೆ ಬೆರೆಯಿತು.

ಮೊದಲು ಮಾತಾಡಿದವಳು ಭಾಗ್ಯಜ್ಯೋತಿ. “ಅಣ್ಣಾ, ಇದು ಚಾಲೂ ಇತ್ತು.”

ಮಡಿವಾಳಪ್ಪ ಕೈಯಲ್ಲಿನ ಖಾಲಿ ಹೋಳನ್ನು ನೋಡಿದ. ಆಮೇಲೆ ಹುಡುಗರನ್ನು ನೋಡಿದ. “ಯಾರಲೇ?”

“ನಾ ಈಗ ಬಂದೀನ್ರಿ ಸರ,” ಎಂದ ಸುಜಯೀಂದ್ರ.

“ನಾ ಬಂದ್ ಮಾಡಿದ್ನಿರಿ,” ಎಂದ ಸಿದ್ದಾರೂಢ.

ಮಡಿವಾಳಪ್ಪ ಇಬ್ಬರ ಕಪಾಳಕ್ಕೂ ಒಂದೊಂದು ಬಾರಿಸಿ ಮೆಟ್ಟಿಲ ಕಡೆ ನೂಕಿದ. ಸುಜಯೀಂದ್ರ ಹಿಂತಿರುಗಿ ನೋಡದೆ ಇಳಿದು ಹೋದ. ಸಿದ್ದಾರೂಢ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಭಾಗ್ಯಜ್ಯೋತಿ ಹೊರಗೆ ಬಂದಳು. ಅವಳ ಬೆರಳಲ್ಲಿ ಇನ್ನೂ ವಿಭೂತಿ ಇತ್ತು.

“ನನಗರೆ ಒಂದು ಮಾತು ಹೇಳಬೇಕಿತ್ತು,” ಎಂದಳು. “ನಾ ಬಂದ್ ಮಾಡ್ತಿದ್ನಿ.”

“ಅದಕ್ಕ ಹೇಳಲಿಲ್ರಿ.”

ಅವಳು ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ವಿಜಯದಶಮಿಯ ಸಂಜೆ ಸಿದ್ದಾರೂಢ ಬನ್ನಿ ಎಲೆ ಹಿಡಿದು ಕ್ಲಾಸಿಗೆ ಬಂದ. ಬನ್ನಿ ಕೊಟ್ಟವರಿಗೆ ಆ ದಿನ ಯಾರೂ ಮುಖ ತಿರುಗಿಸುವುದಿಲ್ಲ ಎಂಬ ಧೈರ್ಯ ಅವನದು. ಮಡಿವಾಳಪ್ಪ ಎದುರಿಗೇ ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಒಳಗೆ ಆಲ್ಬಮ್ ಕೇಳಲು ಬಂದ ಯಾರೋ ಒಬ್ಬ ಹೆಣ್ಣುಮಗಳು ಗಟ್ಟಿಯಾಗಿ ಕೇಳುತ್ತಿದ್ದಳು, ಹೋದದ್ದು ಹೆಂಗ ಹೋಗತೈತಿ, ಡಬ್ಬ್ಯಾಗ ಇರತಾವಲ್ಲ ಫೋಟೊ ಎಂದು.

ಬಿಜಾಪುರದ ರಿಪೇರಿಯವನು ಡಿಸ್ಕು ಬಿಚ್ಚಿ, ಒಳಗಿನದು ಸುಟ್ಟಿದೆ, ಏನೂ ಬರುವುದಿಲ್ಲ ಎಂದು ಹೇಳಿದ. ಫೋಟೊದವರು ತಮ್ಮ ಕ್ಯಾಮೆರಾದ ಕಾರ್ಡುಗಳನ್ನು ಎಂದೋ ಅಳಿಸಿ ಬೇರೆ ಮದುವೆಗಳಿಗೆ ಒಯ್ದಿದ್ದರು. ಭಾಗ್ಯಜ್ಯೋತಿ ಯಾವ ಊರು, ಯಾರ ಮನೆ ಎಂದು ನೆನಪಿನಿಂದಲೇ ಅಣ್ಣನಿಗೆ ಹೇಳಿದಳು. ಹೋದದ್ದು ಹನ್ನೊಂದು ಮದುವೆ, ಮೂರು ಕುಬಸ, ಒಂದು ಜವಳ.